ಸಾಕ್ಷಿ ಕೇಳಿದರೆ ಗಾದೆ ಹೇಳಿದ ಡುವೋಮೊ

ನಮ್ಮಣ್ಣ ಡುವೋಮೊ ಊರಿಗೆಲ್ಲ ದೊಡ್ಡ ಮಾತುಗಾರ. ಥೂ, ಅದೂ ಒಂದು ಮಾತೇ! ಉಪ್ಪು ಕೇಳಿದರೆ ಸಮುದ್ರದ ಮೇಲೊಂದು ಗಾದೆ. ಹೆಂಡತಿ ಹೆರಿಗೆ ನೋವಿನಲ್ಲಿ ನರಳುತ್ತಿದ್ದಾಗ ಸೂಲಗಿತ್ತಿಯನ್ನು ಕರೆಯೋ ಎಂದರೆ, ಹೊಸ್ತಿಲಲ್ಲಿ ನಿಂತು ತಾಳ್ಮೆಯ ಗಾದೆ ಹುಡುಕುತ್ತಿದ್ದ. ಓಡಿಹೋಗಿ ಕರೆತಂದವಳು ನಾನು. ಒಂದು ದಿನವೂ ತೋಟದಲ್ಲಿ ಕತ್ತಿ ಹಿಡಿದವನಲ್ಲ. ಊರದೊರೆಯ ಅಂಗಳದಲ್ಲಿ ನಾಲ್ಕು ಜನ ಹಿರಿಯರು ತಲೆದೂಗಿದರೆ ಸಾಕು, ಮಹಾರಾಯನ ಜನ್ಮ ಸಾರ್ಥಕ.

ನನ್ನ ಗಂಡ ಅಫ್ರಿಯೆ ಸತ್ತ ನಲವತ್ತನೇ ದಿನ ಅವನ ಅಕ್ಕನ ಮಗ ಬಂದು, ಕೋಕೋ ತೋಟ ತನ್ನದು ಎಂದ. ನಮ್ಮಲ್ಲಿ ಗಂಡಸಿನ ಆಸ್ತಿ ಅಕ್ಕತಂಗಿಯರ ಮಕ್ಕಳಿಗೇ ಹೋಗುವುದು, ಇಲ್ಲವೆನ್ನುವುದಿಲ್ಲ. ಆದರೆ ಗಂಡ ಬದುಕಿದ್ದಾಗಲೇ ತೋಟ ಕೊಟ್ಟಿದ್ದು, ಹೆಂಡತಿ ಆ ಋಣಕ್ಕೆಂದು ಸಾಕ್ಷಿಗಳ ಎದುರು ಅವನಿಗೆ ಒಂದು ಬಾಟಲಿ ಜಿನ್ ಮದ್ಯ ಒಪ್ಪಿಸಿದ್ದರೆ ಅದು ಅವಳದೇ. ಅಫ್ರಿಯೆ ಕೊಟ್ಟಿದ್ದ, ನಾನು ಒಪ್ಪಿಸಿದ್ದೆ. ಅಂದು ಸಾಕ್ಷಿಗಳಾಗಿ ಆ ಜಿನ್ ಕುಡಿದವರಲ್ಲಿ ಈಗ ಬದುಕಿರುವವನು ನಮ್ಮಣ್ಣ ಒಬ್ಬನೇ.

ಊರದೊರೆಯ ಅಂಗಳದಲ್ಲಿ ನ್ಯಾಯದ ಸಭೆ ಕೂಡಿತು. ಹಿರಿಯರೊಬ್ಬರು ಕೇಳಿದರು: “ಡುವೋಮೊ, ನಿನ್ನ ತಂಗಿ ಬಾಟ್ಲಿ ಕೊಟ್ಟಿದ್ದು ನೀನು ನೋಡಿದ್ಯೇನಪ್ಪಾ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಈ ಪುಣ್ಯಾತ್ಮ ಹೊದ್ದ ಬಟ್ಟೆಯನ್ನು ಹೆಗಲಿಗೆ ಏರಿಸಿ, ಗಂಟಲು ಸರಿಮಾಡಿಕೊಂಡು, “ಜಾಣನಿಗೆ ಗಾದೆ ಹೇಳ್ತಾರೆ, ಕಥೆ ಹೇಳಲ್ಲ. ಕೋಳಿ ನೀರು ಕುಡಿದ್ರೂ ತಲೆಯೆತ್ತಿ ದೇವರಿಗೆ ತೋರಿಸ್ತದೆ!” ಎಂದ. ಪಡೆದದ್ದಕ್ಕೆ ನಾನು ಋಣ ಒಪ್ಪಿಸಿದೆ ಎನ್ನುವುದನ್ನು ಹೀಗೆ ಹೇಳಬೇಕಿತ್ತೇ!

ತಲೆಗಳು ತೂಗಿದವು. ಅಫ್ರಿಯೆಯ ಅಕ್ಕನ ಮಗನ ಪರ ಮಾತಾಡುವವನು ಎದ್ದುನಿಂತ. “ನಿಮ್ಮ ಕೋಳಿ ತಲೆಯೆತ್ತಿದ್ದು ಹದ್ದಿನ ಭಯಕ್ಕಿರಬೇಕು ಮಾವ!”

ಸಭೆಗೆ ಸಭೆಯೇ ನಕ್ಕಿತು.

“ಅಣ್ಣಾ, ನೋಡಿದೆ ಅನ್ನೋ! ಅಷ್ಟೇ ಅನ್ನೋ!” ಎಂದು ಕೂಗಿದೆ.

“ಸುಮ್ನಿರೇ, ದೊಡ್ಡವರ ಮಾತು ನಡೀತಿದೆ,” ಎಂದು ನನ್ನನ್ನೇ ಗದರಿದ. ಆಮೇಲೆ ತೊಡೆ ತಟ್ಟಿಕೊಂಡು ನಕ್ಕ. “ಭಲೇ ತಮ್ಮಾ! ಇದಕ್ಕೆ ನನ್ನ ಹತ್ರ ಉತ್ತರ ಇಲ್ಲಪ್ಪ!”

ನಮ್ಮ ಸಭೆಯಲ್ಲಿ ಉತ್ತರವಿಲ್ಲ ಎಂದವನ ಕಡೆ ಸೋತಂತೆ. ಅಯ್ಯೋ, ಹದಿನಾಲ್ಕು ವರ್ಷ ನಾನು ಕಳೆ ಕಿತ್ತ ತೋಟ ಒಂದು ನಗೆಗೆ ಹೋಯಿತು.

ಸಂಜೆ ಅಣ್ಣ ನನ್ನ ಅಡುಗೆಮನೆಯ ಬಾಗಿಲಿಗೆ ಬಂದು ಕುಕ್ಕರುಗಾಲಲ್ಲಿ ಕೂತ.

“ಯಾಕಿಷ್ಟು ಕೋಪ ಅಂಪೋಮಾ? ನೀನು ಬಾಟ್ಲಿ ಕೊಟ್ಟಿದ್ದನ್ನ ನಾನೇ ಕಣ್ಣಾರೆ ನೋಡಿದೀನಲ್ಲ. ಮೊದಲ ಗುಟುಕು ಕುಡಿದವನೂ ನಾನೇ. ಹಸಿವಾಗಿದೆ, ಊಟ ಹಾಕಮ್ಮ.”

ಎಷ್ಟು ಸಲೀಸಾಗಿ ಹೇಳಿದ, ನಾಚಿಕೆಗೆಟ್ಟವನು! ಒಲೆಯ ಮೇಲಿದ್ದ ಮೀನಿನ ಸಾರನ್ನು ಇಳಿಸಿ, ಅವನ ಕಣ್ಣೆದುರೇ ನಾಯಿಗೆ ಸುರಿದೆ.