ಮುಂಡಪ್ಪ ಓದಿದ ಎರಡನೇ ಭಾಗ

ಡೊಂಬಿವಲಿಯಿಂದಲೇ ಹೊರಡುವ ಬೆಳಗಿನ ಸ್ಲೋ ಲೋಕಲ್ ರೈಲಿನ ಮೂರನೇ ಡಬ್ಬಿಯಲ್ಲಿ ಕಿಟಕಿ ಪಕ್ಕದ ಸಿಂಹಾಸನ ಮುಂಡಪ್ಪನದು. ವಯಸ್ಸು ಐವತ್ತಮೂರು, ಊರು ಕಾಪು ಕಡೆ, ಉದ್ಯೋಗ ಠಾಣೆಯ ನೌಪಾಡಾದ ಹೋಟೆಲೊಂದರ ಮ್ಯಾನೇಜರಿಕೆ. ಭಾನುವಾರಗಳಲ್ಲಿ ಮಾತ್ರ ಆತ ಡೊಂಬಿವಲಿಯ ಕರಾವಳಿ ಬಳಗವೊಂದರ ಕಾರ್ಯಕ್ರಮ ನಿರೂಪಕ. ಅವನು ಮೈಕ್ ಹಿಡಿದರೆ ಸತ್ತವನೂ ಎದ್ದು ಕುಳಿತು ನಗುತ್ತಾನೆ ಎಂಬುದು ಲೋಕಪ್ರಸಿದ್ಧ. ಲೋಕಕ್ಕೆ ಹಾಗೆಂದು ತಿಳಿಸಿದವನೂ ಮುಂಡಪ್ಪನೇ.

ಇಂಥ ವೀರನ ಫೋನಿಗೆ ಮಗಳು ತನ್ವಿ ಒಂದು ಆಟ ಹಾಕಿಕೊಟ್ಟಳು. ಅದರಲ್ಲಿ ಕಶ್ಯಪ ಎಂಬ ಗಂಡ, ನಿಶ್ಮಿತಾ ಎಂಬ ಹೆಂಡತಿ. ಇಬ್ಬರಿಗೂ ಸರಿ ಬರುವುದಿಲ್ಲ. ದಿನಕ್ಕೊಂದು ಕಂತು. ಪ್ರತಿ ಕಂತಿನ ಕೊನೆಗೆ ಕಶ್ಯಪ ಈಗೇನು ಮಾಡಬೇಕು ಎಂದು ಮೂರು ಉತ್ತರ ಬರುತ್ತವೆ. ಒಂದನ್ನು ಒತ್ತಬೇಕು. ಒತ್ತಿದ್ದನ್ನು ನೋಡಿಕೊಂಡು ಸಂಸಾರ ಕೂಡುತ್ತದೆ, ಇಲ್ಲವೇ ಒಡೆಯುತ್ತದೆ.

ಮುಂಡಪ್ಪ ದೊಡ್ಡದಾಗಿ ಓದುವುದು, ನಾವು ಕೈ ಎತ್ತುವುದು, ಮುಂಬ್ರಾ ಸ್ಟೇಶನ್ ಬರುವುದರೊಳಗೆ ತೀರ್ಪು. ನ್ಯಾಯಪೀಠದಲ್ಲಿ ವಿಮಾ ಕಚೇರಿಯ ಗುಮಾಸ್ತ ಮಧ್ವರಾಜ, ತುರ್ಭೆಯ ಗೋದಾಮಿನಲ್ಲಿ ಹಮಾಲರ ಮೇಸ್ತ್ರಿ, ಅಂದರೆ ಮುಕದ್ದಮನಾದ ವಿಜಯಪುರದ ಹಣಮಂತ್ರಾಯ, ಮತ್ತೆ ನಾನು. ಕಶ್ಯಪ ಸಣ್ಣತನ ತೋರಿಸಲು ಮುಂಡಪ್ಪ ಒಮ್ಮೆಯೂ ಬಿಡಲಿಲ್ಲ. "ಹೆಂಗಸರ ಮನಸ್ಸು ಅಂದ್ರೆ ಎಂತ ಅಂತ ಮಾಡಿದ್ದೀರಿ ಮಾರಾಯ್ರೆ? ಅದರಲ್ಲಿ ನಾನು ಪಿಎಚ್‌ಡಿ," ಎನ್ನುತ್ತಿದ್ದ. ನಲವತ್ತನೇ ಕಂತಿನಲ್ಲಿ ಗಂಡಹೆಂಡಿರು ಒಂದಾದರು, ಪರದೆಯ ಮೇಲೆ ಹೂಮಳೆ ಸುರಿಯಿತು, ಠಾಣೆಯಲ್ಲಿ ಇಳಿದ ವಿಜಯಿ ನಮಗೆಲ್ಲ ವಡಾಪಾವ್ ಕೊಡಿಸಿದ.

ತಿಂಗಳೊಂದು ಕಳೆದ ಮೇಲೆ, ಒಂದು ಸೋಮವಾರ ಮುಂಡಪ್ಪ ಹೇಳಿದ: "ಎರಡನೇ ಭಾಗ ಬಂದಿದೆ."

ಈ ಸಲ ಫೋನನ್ನು ಎದೆಗೆ ಒತ್ತಿಕೊಂಡು, ಯಾರಿಗೂ ಕಾಣದಂತೆ ಓದಿದ. ನಿಶ್ಮಿತಾ ಸಂಘದ ವಾರ್ಷಿಕೋತ್ಸವದಲ್ಲಿ ಮೊದಲ ಸಲ ಹಾಡಲು ವೇದಿಕೆ ಹತ್ತಿದ್ದಾಳೆ. ಕಶ್ಯಪ ಮೈಕಿನಲ್ಲಿ ಹೇಳುತ್ತಾನೆ: "ನಮ್ಮ ಮನೆಯಲ್ಲಿ ಕುಕ್ಕರ್ ಮೂರು ಸಲ ಕೂಗುತ್ತದೆ. ನಾಲ್ಕನೆಯ ಕೂಗು ನನ್ನ ಹೆಂಡತಿಯದು. ಈಗ ಕೇಳಿ, ನಾಲ್ಕನೆಯದು."

ನಾವು ನಕ್ಕೆವು. ಹಿಡಿಕೆಗೆ ಜೋತುಬಿದ್ದಿದ್ದ ಅಪರಿಚಿತನೂ ನಕ್ಕ.

"ಅವಳು ಎರಡು ಸಾಲು ಹಾಡಿದಳು, ಮೂರನೆಯದು ಮರೆತಳು, ಇಳಿದುಬಂದಳು. ಹದಿನೈದು ದಿನದಿಂದ ಮಾತಿಲ್ಲ. ಈಗ ಉತ್ತರ. ಒಂದು, ಅದು ತಮಾಷೆ ಅಂತ ತಿಳಿಸಿ ಹೇಳುವುದು. ಎರಡು, ಸೀರೆ ತರುವುದು. ಮೂರು, ಸುಮ್ಮನಿರುವುದು."

"ತಪ್ಪಾತು ಅನ್ನೂದು ಇಲ್ಲೇನ್ರಿ ಅದರಾಗ?" ಹಣಮಂತ್ರಾಯ ಕೇಳಿದ.

"ಇಲ್ಲ. ಕಂಪನಿಯವರು ಕೊಡ್ಲಿಲ್ಲ."

"ಎಂಥಾ ಕಂಪನಿರಿ. ಮೊದಲನೇ ಭಾಗದಾಗ ದಿನಾ ಕೊಡ್ತಿದ್ರಲ್ಲ."

ಬಹುಮತ ಸೀರೆಗೆ ಬಿತ್ತು. ಮಂಗಳವಾರದ ಕಂತಿನಲ್ಲಿ ಸೀರೆ ಚೀಲದಿಂದ ಹೊರಬಾರದೆ ಕಪಾಟಿನ ಮೇಲೆ ಕುಳಿತಿತ್ತು. ತಮಾಷೆ ಎಂದು ತಿಳಿಹೇಳಲು ಮತ ಹಾಕಿದೆವು. ಬುಧವಾರ ಅವಳು ಗಂಡನಿಗೆ ಊಟ ಬಡಿಸಿ, ಮಗಳ ಕೋಣೆಗೆ ಹಾಸಿಗೆ ಒಯ್ದಳು. ಸುಮ್ಮನಿರಲು ಮತ ಹಾಕಿದೆವು. ಗುರುವಾರ ಅವಳು ಸಂಗೀತದ ಟೀಚರಿಗೆ ಫೋನ್ ಮಾಡಿ ಮುಂದಿನ ಕಾರ್ಯಕ್ರಮದ ಪಟ್ಟಿಯಿಂದ ಹೆಸರು ತೆಗೆಸಿದ್ದಳು. ಇನ್ನು ಮೇಲೆ ಹಾಡುವುದೇ ಇಲ್ಲವಂತೆ.

ಅಲ್ಲಿಗೆ ಓದು ನಿಂತಿತು.

"ಉತ್ತರ ಓದಿ," ಎಂದ ಮಧ್ವರಾಜ.

"ಬರ್ಲಿಲ್ಲ ಇನ್ನೂ."

"ಬಿಟ್ಟರೆ ಬಿಡಲಿ ಮಾರಾಯ. ಅವಳು ಅಷ್ಟೇನು ಚೆನ್ನಾಗಿ ಹಾಡ್ತಿದ್ಲು ಅಂತ ಯಾರಿಗೆ ಗೊತ್ತು?"

"ನನಗೆ ಗೊತ್ತುಂಟು," ಎಂದ ಮುಂಡಪ್ಪ. "ಮೂರು ತಿಂಗಳು ಅಭ್ಯಾಸ ಮಾಡಿದ್ದಾಳೆ. ಪಕ್ಕದ ಫ್ಲಾಟಿನವರಿಗೆ ಕೇಳಬಾರದು ಅಂತ ಮಿಕ್ಸಿ ಹಾಕಿಕೊಂಡು ಹಾಡುವುದು. ಜಾರಿನಲ್ಲಿ ಎಂತದೂ ಇಲ್ಲ, ಬರೀ ಮಿಕ್ಸಿ ತಿರುಗ್ತಾ ಇರ್ತದೆ. ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ನೋಡಿಯೂ ಮತ್ತೆ ನಾನು..."

ದಿವಾ ಸ್ಟೇಶನ್ ಹಿಂದೆ ಹೋಯಿತು. ಎದೆಯಿಂದ ಜಾರಿ ತೊಡೆಯ ಮೇಲೆ ಬಿದ್ದಿದ್ದ ಫೋನಿನ ಪರದೆ ಕಪ್ಪಾಗಿತ್ತು. ಅದರಲ್ಲಿ ಯಾವ ಭಾಗವೂ ಇರಲಿಲ್ಲ. ಆಟದ ಕಂಪನಿಗೆ ಎಷ್ಟೇ ಬುದ್ಧಿಯಿರಲಿ, ಖಾಲಿ ಜಾರು ತಿರುಗಿಸುವ ಹೆಂಗಸನ್ನು ಅದು ಊಹಿಸಲಾರದು. ಮುಂಡಪ್ಪನ ಹೆಂಡತಿ ಜಯಲತಾ ಅವರ ಬಾಳಿನ ಮೇಲೆ ನಾವು ಮೂರು ದಿನ ಕೈ ಎತ್ತಿದ್ದೆವು. ಆ ಕುಕ್ಕರಿನ ಮಾತಿಗೆ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವನು ನಾನು. ನಾಲ್ವರು ಗಂಡಸರು ನಾಲ್ಕು ದಿಕ್ಕಿಗೆ ಮುಖ ಮಾಡಿ ಕುಳಿತೆವು. ಅಷ್ಟು ಇಕ್ಕಟ್ಟಿನ ಡಬ್ಬಿಯಲ್ಲಿ ಅದೂ ಒಂದು ಸಾಹಸವೇ.

ಕಡೆಗೆ ಹಣಮಂತ್ರಾಯ ಬಾಯಿ ಬಿಟ್ಟ. "ಮುಂಡಪ್ಪಣ್ಣ, ಮೈಕಿನ್ಯಾಗ ಅಂದದ್ದು ಮೈಕಿನ್ಯಾಗ ವಾಪಸ್ ತಗೋಬೇಕು. ಅಡಗಿಮನ್ಯಾಗ ಪಿಸುಗುಟ್ಟಿದ್ರ ಮುಟ್ಟೂದಿಲ್ಲ."

"ಅಲ್ಲಿ ಇನ್ನೂರು ಜನ ಇರ್ತಾರೆ."

"ಅವತ್ತೂ ಇದ್ರಲ್ಲ."

ಭಾನುವಾರ ಬಳಗದ ಕಾರ್ಯಕ್ರಮಕ್ಕೆ ನಾವು ಮೂವರೂ ಹೋದೆವು. ಜಯಲತಾ ಅವರು ಮೂರನೇ ಸಾಲಿನಲ್ಲಿದ್ದರು. ತಿಂಡಿಯ ಉಸ್ತುವಾರಿ ಅವರದಾದ್ದರಿಂದ ಬಾರದಿರುವ ಹಾಗಿರಲಿಲ್ಲ. ಮುಂಡಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ರಣರಂಗಕ್ಕಿಳಿದ.

"ಹೋದ ಸಲ ಇದೇ ಮೈಕಿನಲ್ಲಿ ನನ್ನ ಹೆಂಡತಿಯ ಹಾಡಿನ ಬಗ್ಗೆ ಒಂದು ಮಾತು ಹೇಳಿದೆ. ಅದು ತಪ್ಪು."

ಸಭೆ ಗೊಳ್ಳೆಂದಿತು.

"ತಮಾಷೆ ಅಲ್ಲ."

ನಗು ಇಮ್ಮಡಿಯಾಯಿತು. ಇಪ್ಪತ್ತು ವರ್ಷ ಆ ಜನಕ್ಕೆ ತಾನು ಬಾಯಿ ತೆರೆದರೆ ನಗಬೇಕೆಂದು ಪಾಠ ಮಾಡಿದವನು ಅವನೇ. ಶಿಷ್ಯರು ಪಾಠ ಮರೆತಿರಲಿಲ್ಲ.

"ನನಗೆ ನಾಚಿಕೆ ಆಗ್ತಾ ಉಂಟು," ಎಂದ. ಮುಂದಿನ ಸಾಲಿನ ಹಿರಿಯರೊಬ್ಬರು ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮುಂಡಪ್ಪ ಇನ್ನೊಂದು ಸಲ ಬಾಯಿ ತೆರೆದ, ಮುಚ್ಚಿದ. ಅದಕ್ಕೂ ನಕ್ಕರು. ಬೆನ್ನಿಗೆ ಅಂಗಿ ಅಂಟಿಕೊಂಡಿದ್ದು ಹಿಂದಿನ ಸಾಲಿನ ನಮಗೂ ಕಾಣುತ್ತಿತ್ತು, ಏಕೆಂದರೆ ಆತ ಸಭೆಯ ಕಡೆ ಬೆನ್ನು ತಿರುಗಿಸಿ ನಿಂತುಬಿಟ್ಟಿದ್ದ.

ಆಗ ಜಯಲತಾ ಅವರು ಎದ್ದು ವೇದಿಕೆಯ ಹತ್ತಿರ ಹೋದರು. ಇದೂ ಪ್ರಹಸನದ ಭಾಗವೆಂದು ಸಭೆ ಚಪ್ಪಾಳೆ ತಟ್ಟಿತು. ಅವರು ಎರಡೇ ತುಳು ಶಬ್ದ ಹೇಳಿದರು. "ಯಾವು. ಜಪ್ಪುಲೆ." ಸಾಕು, ಇಳಿಯಿರಿ.

ಮುಂಡಪ್ಪ ಇಳಿದ. ಇಬ್ಬರೂ ಕೊನೆಯ ಸಾಲಿಗೆ ಬಂದು, ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕುಳಿತರು. ಆ ದಿನ ಹಾಡಿದವರಲ್ಲಿ ಜಯಲತಾ ಅವರು ಇರಲಿಲ್ಲ.

ಸೋಮವಾರ ಲೋಕಲಿನಲ್ಲಿ ನಾವು ಏನೂ ಕೇಳಲಿಲ್ಲ. ಆತನೇ ಹೇಳಿದ.

"ಮಾತಾಡಿದಳು. ಮುಂದಿನ ತಿಂಗಳು ಹಾಡ್ತಾಳಂತೆ. ಆದರೆ ನಾನು ಕಾರ್ಯಕ್ರಮದ ಹಾಲ್ ಒಳಗೆ ಬರಬಾರದಂತೆ."

"ನೀವೇನಂದ್ರಿ?" ಎಂದ ಹಣಮಂತ್ರಾಯ.

"ಆಯ್ತು ಅಂದೆ," ಎಂದು ಮುಂಡಪ್ಪ ಕಿಟಕಿಯ ಕಡೆ ತಿರುಗಿದ. ನಮಗೆ ಕಂಡದ್ದು ಕೆಂಪೇರಿದ ಒಂದು ಕಿವಿ ಮಾತ್ರ.