ವಕೀಲರ ಕೀಸುಳಿ

ಬೈಲಹೊಂಗಲದಲ್ಲಿ ನಮ್ಮ ಎದುರುಮನೆಯ ವಕೀಲರು ಮೊಮ್ಮಗಳಿಗೆ ತಾವೇ ತೊಟ್ಟಿಲು ಮಾಡತೊಡಗಿದ್ದರು. ಊರಿನ ಹತ್ತಿ ಗಿರಣಿಯವರು ತಮ್ಮ ಎಂಜಿನ್ನಿಗೆ ಆಗಷ್ಟೇ ಮರ ಕೊಯ್ಯುವ ಗರಗಸ ಜೋಡಿಸಿದ್ದರು. ಅಲ್ಲಿಗೆ ಹಲಗೆ ಕಳಿಸಿರೆಂದರೆ, "ಎಂಜಿನ್ನಿಗೆ ಕೂಸಿನ ಮೈ ಗೊತ್ತೈತೇನ್ರಿ?" ಎನ್ನುವರು. ಕೀಸುಳಿಯಿಂದ ತುಸು ಕೀಸಿ, ಹಲಗೆಗೆ ಕೆನ್ನೆ ಹಚ್ಚಿ ನೋಡಿ, ತಲೆಯಾಡಿಸಿ ಮತ್ತೆ ಕೀಸುವರು.

ಹೆಸರಿಡುವ ದಿನವೂ ತೊಟ್ಟಿಲಿಗೆ ಒಂದು ಬದಿ ಇರಲಿಲ್ಲ. ಹೆಂಗಸರು ತೊಲೆಗೆ ಸೀರೆ ಕಟ್ಟಿ ಕೂಸನ್ನು ಮಲಗಿಸಿದರು. ವಕೀಲರು ಮೂಲೆಯಲ್ಲಿ ಕೀಸುತ್ತಲೇ ಇದ್ದರು.

"ಬೀಗರ ಮುಂದ ನನ್ನ ಮಾನ ಹೋತು! ಆ ಕೀಸುಳಿ ಬಾವಿಗೆ ಒಗೀತೇನಿ ನೋಡ್ರಿ," ಎಂದು ಅವರ ಹೆಂಡತಿ ಗದರಿದರು.

ವಕೀಲರು ಕೀಸುಳಿ ಕೆಳಗಿಟ್ಟರು. ಸದ್ದು ನಿಂತದ್ದೇ ತಡ, ನಿದ್ದೆಯಲ್ಲಿದ್ದ ಕೂಸು ಕಿರುಚತೊಡಗಿತು. ಜೋಗುಳಕ್ಕೂ ಸುಮ್ಮನಾಗಲಿಲ್ಲ.

"ಬಾಯಿ ನೋಡ್ಕೋತ ಏನ್ ಕುಂತೀರಿ?" ಎಂದು ಹೆಂಡತಿಯೇ ಕೂಗಿದರು. "ಕೀಸ್ರಿ!"