ಚಿಕ್ಕಮ್ಮನ ಮನೆ ಹಿಂದಿನ ಕೆಸರು

ಮನೆಯವರು ಅವನನ್ನು ಕರೆಯುತ್ತಿದ್ದುದೇ ಕೆಸರಪ್ಪ ಎಂದು. ಹೊಳೆಯ ತಳದ ಕೆಸರನ್ನು ಗಾಜಿನ ಜಾಡಿಗಳಿಗೆ ತುಂಬಿ, ಮೇಲೆ ನೀರು ಹೊಯ್ದು, ಕೆಂಪು ಹುಳುಗಳನ್ನು ಬಿಟ್ಟು, ಕೆಸರಿನಲ್ಲಿ ವಿಷವಿದೆಯೇ ಎಂದು ತಿಳಿಯಲು ಅವು ಬದುಕುತ್ತವೋ ಸಾಯುತ್ತವೋ ಎಂದು ಕಾಯುವುದು ಅವನ ಉದ್ಯೋಗ. ಈ ಕಾಯುವಿಕೆಯನ್ನು ಅವನು ತಪಸ್ಸು ಎನ್ನುತ್ತಿದ್ದ. ಹೆಂಡತಿ ನಿದ್ದೆ ಎನ್ನುತ್ತಿದ್ದಳು. ಜಾಡಿಗಳಿಗೆ ಗಾಳಿಯೂದುವ ಪಂಪಿನ ಗುಳುಗುಳು ಸದ್ದಿಗೆ ಕಣ್ಣು ಎಳೆದುಕೊಂಡು ಹೋದರೆ ಪ್ರಯೋಗಾಲಯವೇ ತೇಲಿಹೋಗಿ, ಅವನು ಚಿಕ್ಕಮ್ಮನ ಮನೆಯ ಹಿಂದೆ, ಹೊಳೆಯ ತಿರುವಿನ ತಣ್ಣನೆಯ ಕೆಸರಿನಲ್ಲಿ ಮೊಣಕಾಲುದ್ದ ಹೂತು ನಿಂತಿರುತ್ತಿದ್ದ.

ಅನುಮಾನದ ಕೆಸರಿನ ಪಕ್ಕದಲ್ಲಿ, ಹೋಲಿಸಿ ನೋಡಲು, ಶುದ್ಧ ಕೆಸರಿನ ಜಾಡಿಯೊಂದು ಇರಲೇಬೇಕು. ಅದಕ್ಕೆ ಅವನು ಪ್ರತಿಸಲ ಆ ತಿರುವಿನ ಕೆಸರನ್ನೇ ತರುತ್ತಿದ್ದ. ತಾಯಿಯಿಲ್ಲದ ಅವನನ್ನು ಸಾಕಿದ ಚಿಕ್ಕಮ್ಮ ಅಲ್ಲಿಯೇ ಕಪ್ಪೆಚಿಪ್ಪು ಆಯ್ದು ದಿನವೂ ಬೇಯಿಸಿ ತಿನ್ನುತ್ತಿದ್ದಳು. ನಮ್ಮ ಕೆಸರನ್ನು ಬ್ರೆಡ್ಡಿಗೆ ಸವರಿಕೊಂಡು ತಿನ್ನಬಹುದು ಎಂದು, ಅದನ್ನು ತಾನೇ ಹೆತ್ತವನ ಹಾಗೆ, ಬಂದವರಿಗೆಲ್ಲ ಉಪನ್ಯಾಸ ಬಿಗಿಯುತ್ತಿದ್ದ.

ಈ ಸಲ ಆ ಶುದ್ಧ ಕೆಸರಿನ ಜಾಡಿಯ ಹುಳುಗಳೇ ಮೊದಲು ಸತ್ತವು.

ಅವನು ನೀರನ್ನು ಬೈದ, ಪಂಪನ್ನು ಬೈದ, ಈಗಿನ ಹುಳುಗಳಿಗೆ ಸತ್ವವೇ ಇಲ್ಲವೆಂದ. ಮತ್ತೊಮ್ಮೆ ಕೆಸರು ತಂದು, ಬೇರೆ ಹುಳು ಬಿಟ್ಟು ಕಾದ. ಅದೇ ಕತೆ. ಜೊತೆಯಲ್ಲಿ ಕೆಲಸ ಮಾಡುವಾಕೆ ಪರೀಕ್ಷಿಸಿ, ಕೆಸರಿನ ತುಂಬ ಸೀಸ ಎಂದಳು. ಹೊಳೆಯ ಮೇಲುಗಡೆ ದಂಡೆಯಲ್ಲಿ ಹಳೆ ಬ್ಯಾಟರಿ ಕರಗಿಸಿ ಸೀಸ ತೆಗೆಯುವ ಶೆಡ್ಡುಗಳು ಎದ್ದದ್ದನ್ನು ಅವನೂ ನೋಡಿದ್ದ. ಆದರೆ ತನ್ನ ತಿರುವಿಗೆ ಬರುವಷ್ಟು ಧೈರ್ಯ ಸೀಸಕ್ಕಿದೆ ಎಂದುಕೊಂಡಿರಲಿಲ್ಲ.

"ಬೇರೆ ಕಡೆ ಕೆಸರು ತಂದ್ರೆ ಆಯ್ತಲ್ಲ ಸಾರ್," ಎಂದಳು ಆಕೆ.

ಜಾಡಿಗೇನೋ ಬೇರೆ ಕೆಸರು ಆಗುತ್ತಿತ್ತು. ಚಿಕ್ಕಮ್ಮನ ಹೊಟ್ಟೆಗೆ?

ಸಂಜೆ ಅವಳ ಅಡುಗೆಮನೆಯಲ್ಲಿ ಆವಿ ಮಂಜಿನಂತೆ ತೂಗುತ್ತಿತ್ತು. ಚಿಕ್ಕಮ್ಮ ತಟ್ಟೆ ತುಂಬ ಚಿಪ್ಪು ಬಡಿಸಿದಳು. ಅವನು ಸೀಸದ ಗುಣ, ಹುಳುಗಳ ನರ, ಹೊಳೆಯ ಭವಿಷ್ಯ ಎಲ್ಲವನ್ನೂ ವಿವರಿಸಿದ. ಅವಳು ಆಕಳಿಸಿ, ಹುಳ ಸತ್ತರೆ ನಾನ್ಯಾಕೆ ಸಾಯಲಿ, ಆರಿಹೋಗುತ್ತೆ ತಿನ್ನು ಎಂದಳು. ಅವನ ಕೈ ಮಡಿಲಲ್ಲೇ ಇತ್ತು.

"ಹಸಿವಿಲ್ವೇನೋ?"

"ಇದೆ ಚಿಕ್ಕಮ್ಮ. ತುಂಬಾ ಇದೆ. ಆದ್ರೆ ತಿನ್ನಲ್ಲ. ನೀನೂ ತಿನ್ಬೇಡ."

ಆ ಮನೆಯಲ್ಲಿ ಅವನು ಜ್ವರ ಬಂದಾಗಲೂ ತಟ್ಟೆ ಬಿಟ್ಟವನಲ್ಲ. ಉಪನ್ಯಾಸಕ್ಕೆ ಜಗ್ಗದ ಚಿಕ್ಕಮ್ಮ ಆ ತುಂಬಿದ ತಟ್ಟೆಯನ್ನೇ ನೋಡುತ್ತ ಕೂತಳು. ಆಮೇಲೆ ಎದ್ದು, ಪಾತ್ರೆಯಲ್ಲಿ ಉಳಿದದ್ದನ್ನೆಲ್ಲ ಕಸದ ಬಕೆಟ್ಟಿಗೆ ಸುರಿದಳು.

"ಹಾಗಾದ್ರೆ ನಾಳೆಯಿಂದ ಏನು ತಿನ್ನೋಣ, ಹೇಳಪ್ಪಾ ಪಂಡಿತ."

ಪಂಡಿತ ಎದ್ದು ತನ್ನ ತಟ್ಟೆಯನ್ನೂ ಬಕೆಟ್ಟಿಗೆ ಸುರಿದ. ಕಿಟಕಿಯಾಚೆ ಹೊಳೆ, ತನಗೇನೂ ಆಗಿಲ್ಲವೆಂಬಂತೆ, ಬೆಳಕು ಹೊತ್ತುಕೊಂಡು ತಿರುವಿನಲ್ಲಿ ಮೆಲ್ಲಗೆ ಹೊರಳುತ್ತಿತ್ತು.